ಕಾಗದದ ಕೆಳಗಿನ ಅರ್ಧ ಮೊದಲು ಓದಿ

ಪಶುವೈದ್ಯರ ಪುಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು, ಅಳಿಯ ಟೆಕ್ಸಾಸ್‌ನ ಫೋರ್ಟ್ ವರ್ತ್ ಹತ್ತಿರ ಇದ್ದಾರೆ. ಮೊಮ್ಮಗಳು ಕುದುರೆ ಸವಾರಿ ಕಲಿತಿದ್ದಾಳೆ. ಅವಳಿಗೆಂದು ಹನ್ನೊಂದು ವರ್ಷದ ಒಂದು ಹೆಣ್ಣು ಕ್ವಾರ್ಟರ್ ಹಾರ್ಸ್ (ಅಮೆರಿಕದ ಒಂದು ಕುದುರೆ ಜಾತಿ) ನೋಡಿದ್ದಾರೆ. "ಅಪ್ಪಟ ರಾಂಚ್ ತಳಿ, ಪೋಕೊ ಬ್ಯೂನೊ ವಂಶ, ಹ್ಯಾಂಕಾಕ್ ರಕ್ತವೂ ಸೇರಿದೆ" ಅಂತ ಮಾರುವವರು ಹೇಳುತ್ತಾರಂತೆ. ಅದಕ್ಕೇ ಬೆಲೆಯೂ ಜಾಸ್ತಿ ಕೇಳುತ್ತಿದ್ದಾರೆ. ಅಳಿಯ ಕಳಿಸಿದ ವಂಶಪಟ್ಟಿಯ ಪ್ರತಿ ಇದರ ಜೊತೆಗಿದೆ. ಇದನ್ನು ನಂಬಬಹುದೇ ಡಾಕ್ಟ್ರೇ? ರಾಂಚ್ ತಳಿ ಅಂದರೆ ನಿಜಕ್ಕೂ ಏನು?
ಎಸ್. ಎನ್., ಕತ್ರಿಗುಪ್ಪೆ

ಉತ್ತರ: ನಂಬಬಹುದು ತಾಯಿ. ಆದರೆ ಮಾರುವವರು ಬೆರಳಿಟ್ಟು ತೋರಿಸುತ್ತಿರುವ ಜಾಗ ನೋಡಿ ಅಲ್ಲ.

ನೀವು ಕಳಿಸಿದ ಹಾಳೆಯಲ್ಲಿ ಪೋಕೊ ಬ್ಯೂನೊ ಹೆಸರಿನ ಮೇಲೆ ಹಳದಿ ಬಣ್ಣ ಬಳಿದಿದ್ದಾರೆ. ಅದು ಬರುವುದು ಆರನೇ ತಲೆಮಾರಿನಲ್ಲಿ, ತಂದೆಯ ಕಡೆ, ಒಂದೇ ಒಂದು ಸಲ. ತಂದೆಯಿಂದ ಅರ್ಧ, ಅಜ್ಜನಿಂದ ಕಾಲು, ಮುತ್ತಜ್ಜನಿಂದ ಅರೆಕಾಲು ಅಂತ ಲೆಕ್ಕ ಹಾಕುತ್ತಾ ಹೋದರೆ ಆರನೇ ತಲೆಮಾರಿಗೆ ಸಿಗುವ ಪಾಲು ಅರುವತ್ನಾಲ್ಕರಲ್ಲಿ ಒಂದು. ನೂರಕ್ಕೆ ಒಂದೂವರೆ. ಪೋಕೊ ಬ್ಯೂನೊ ದೊಡ್ಡ ಕುದುರೆಯೇ, ಅದರಲ್ಲಿ ಎರಡು ಮಾತಿಲ್ಲ. 1944ರಲ್ಲಿ ಹುಟ್ಟಿದ್ದು, ಟೆಕ್ಸಾಸ್‌ನ ವ್ಯಾಗನರ್ ರಾಂಚಿನ (ರಾಂಚ್ ಅಂದರೆ ದನ ಸಾಕುವ ದೊಡ್ಡ ಹುಲ್ಲುಗಾವಲು) ಹೆಮ್ಮೆ. ಯಜಮಾನ ಇ. ಪಾಲ್ ವ್ಯಾಗನರ್ ಅದನ್ನು ನಿಂತ ಭಂಗಿಯಲ್ಲೇ ಮಣ್ಣು ಮಾಡಬೇಕೆಂದು ಉಯಿಲು ಬರೆದಿಟ್ಟರು. 1969ರಲ್ಲಿ ಅದು ಸತ್ತಾಗ ಹಾಗೇ ಮಾಡಿದರು. ಅಷ್ಟು ಪ್ರೀತಿ. ಆದರೆ ಆ ಪ್ರೀತಿಗೆ ನಿಮ್ಮ ಅಳಿಯ ಇವತ್ತು ಡಾಲರ್ ಎಣಿಸಬೇಕಾಗಿಲ್ಲ. ಅಮೆರಿಕದ ಎಷ್ಟೋ ರಾಂಚ್ ಕುದುರೆಗಳ ಕಾಗದ ಬಿಚ್ಚಿ ಹಿಂದೆ ಹಿಂದೆ ಹೋದರೆ ಅವನೋ, ಅವನ ತಂದೆ ಕಿಂಗ್ ಎಂಬ ಕುದುರೆಯೋ ಎಲ್ಲಾದರೂ ಒಂದು ಕಡೆ ಸಿಕ್ಕೇ ಸಿಗುತ್ತಾರೆ.

ಈಗ ಹಾಳೆಯ ಕೆಳಗಿನ ಅರ್ಧಕ್ಕೆ ಬನ್ನಿ. ವಂಶಪಟ್ಟಿಯಲ್ಲಿ ಮೇಲಿನ ಅರ್ಧ ತಂದೆಯ ಕಡೆಯದು, ಕೆಳಗಿನದು ತಾಯಿಯ ಕಡೆಯದು. ತಟ್ಟನೆ ಕಣ್ಣಿಗೆ ಬೀಳುವುದು ಮೇಲಿನದು, ಹೆಸರುವಾಸಿ ಗಂಡುಗಳೆಲ್ಲ ಅಲ್ಲೇ ಇರುತ್ತವೆ. ಕೆಲಸದ ಕುದುರೆಯ ಬೇರು ಹುಡುಕುವವರು ಮಾತ್ರ ಕೆಳಗಿನಿಂದ ಶುರು ಮಾಡಬೇಕು. ಹೀಗೇಕೆ ಹೇಳುತ್ತೇನೆ ಅಂದರೆ, ನೌಕರಿಯ ಒಳ್ಳೆಯ ವರ್ಷಗಳನ್ನು ನಾನು ಕಳೆದದ್ದು ಅಜ್ಜಂಪುರದಲ್ಲಿ, ಅಮೃತಮಹಲ್ ಹಿಂಡಿನ ಜೊತೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದದ್ದು. ಹಸು ಹಾಲು ಕೊಡುವುದು ಅಷ್ಟಕ್ಕಷ್ಟೆ, ಎತ್ತು ಮಾತ್ರ ಫಿರಂಗಿ ಎಳೆದುಕೊಂಡು ದಂಡಿನ ವೇಗಕ್ಕೆ ನಡೆಯುತ್ತಿತ್ತು. ಹೊರಗಿನವರು ಬಂದರೆ ಬೀಜದ ಹೋರಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹಿಂಡು ಕಾಯುವ ಗೊಲ್ಲರು ಮಾತ್ರ ಕರುವನ್ನು ಗುರುತಿಸುತ್ತಿದ್ದದ್ದು ತಾಯಿಯಿಂದ, ಅಜ್ಜಿಯಿಂದ. ಹೋರಿ ನಾಲ್ಕಾರು ವರ್ಷಕ್ಕೆ ಬದಲಾಗುತ್ತದೆ, ಕಾವಲಿನಲ್ಲಿ ಉಳಿಯುವುದು ಹಸುಗಳ ಮನೆತನ. ಟೆಕ್ಸಾಸ್‌ನ ಹುಲ್ಲುಗಾವಲೂ ಈ ವಿಷಯದಲ್ಲಿ ನಮ್ಮ ಕಾವಲಿಗಿಂತ ಬೇರೆಯಲ್ಲ.

ರಾಂಚ್ ತಳಿ ಅಂದರೇನು ಅಂತ ಕೇಳಿದ್ದೀರಿ. ನೋಂದಣಿ ಪುಸ್ತಕದಲ್ಲಿ ಆ ಹೆಸರಿನ ಬೇರೆ ಜಾತಿ ಇಲ್ಲ. ಕ್ವಾರ್ಟರ್ ಹಾರ್ಸ್ ಒಳಗೇ ಓಟಕ್ಕೆ ಬೆಳೆಸಿದ್ದುಂಟು, ಪ್ರದರ್ಶನಕ್ಕೆ ಬೆಳೆಸಿದ್ದುಂಟು, ದನ ಹಿಂಡಿನಲ್ಲಿ ದಿನವಿಡೀ ದುಡಿಯಲೆಂದೇ ಬೆಳೆಸಿದ್ದೂ ಉಂಟು. ಮೂರನೆಯದು ರಾಂಚ್ ತಳಿ. ಅಲ್ಲಿ ತೀರ್ಪು ಕೊಡುವುದು ಕೆಲಸ. ಹಗ್ಗಕ್ಕೆ ಬಿದ್ದ ಹೋರಿ ಜಗ್ಗಿದಾಗ ಕಾಲೂರಿ ನಿಲ್ಲಬೇಕು. ಹಿಂಡಿನಿಂದ ಒಂದೇ ಕರುವನ್ನು ಬಿಡಿಸಿ ತರುವಾಗ ಸವಾರ ಲಗಾಮು ಸಡಿಲ ಬಿಟ್ಟರೂ ಅದರ ಕಣ್ಣು ಕರುವಿನ ಮೇಲಿಂದ ಕದಲಬಾರದು. ಕಲ್ಲು ನೆಲದಲ್ಲಿ ಗೊರಸು ಬಾಳಬೇಕು. ಇಷ್ಟಾದಮೇಲೆ ನಾಳೆಯೂ ಅದೇ ಕೆಲಸಕ್ಕೆ ಮನಸ್ಸಿಟ್ಟು ಬರಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಕಿಂಗ್ ರಾಂಚ್. 1853ರಲ್ಲಿ ರಿಚರ್ಡ್ ಕಿಂಗ್ ಕಟ್ಟಿದ್ದು, ಇವತ್ತಿಗೂ ಎಂಟು ಲಕ್ಷ ಎಕರೆಗೂ ಮಿಕ್ಕಿದೆ. 1915ರಲ್ಲಿ ಅಲ್ಲಿಯ ಸೀಸರ್ ಕ್ಲೇಬರ್ಗ್, ಜಾರ್ಜ್ ಕ್ಲೆಗ್ ಎಂಬುವರಿಂದ ಒಂದು ಕೆಂಪು ಗಂಡುಮರಿ ಕೊಂಡರು. ಅದೇ ಮುಂದೆ ಓಲ್ಡ್ ಸಾರೆಲ್ ಅನ್ನಿಸಿಕೊಂಡಿತು. ಮೊದಲು ಅದನ್ನು ದನದ ಕೆಲಸಕ್ಕೆ ಹಚ್ಚಿದರು, ಗೆದ್ದ ಮೇಲೆ ಬೀಜಕ್ಕೆ ಬಿಟ್ಟರು. ರಾಬರ್ಟ್ ಕ್ಲೇಬರ್ಗ್ ಜೂನಿಯರ್ ಅದನ್ನು ರಾಂಚಿನ ಆಯ್ದ ಹೆಣ್ಣುಗಳಿಗೆ ಕೊಟ್ಟು, ಹುಟ್ಟಿದ ಗಂಡುಗಳನ್ನು ಮತ್ತೆ ಅದೇ ತಂದೆಯ ಬೇರೆ ತಾಯಂದಿರ ಹೆಣ್ಣುಮಕ್ಕಳಿಗೆ ಕೂಡಿಸಿದರು. ಹಳ್ಳಿಯಲ್ಲಿ ರೈತರು ಇದನ್ನೇ ಮಾಡಿದರೆ ನಾವು ಪಶುವೈದ್ಯರು ತಲೆ ಚಚ್ಚಿಕೊಳ್ಳುತ್ತೇವೆ, ಚಚ್ಚಿಕೊಳ್ಳಲೇಬೇಕು. ಅಲ್ಲಿ ಅದು ನಡೆದದ್ದು ಹೆಣ್ಣು ಗಂಡು ಎರಡನ್ನೂ ತಡಿ ಹಾಕಿ ದುಡಿಸಿ ನೋಡಿ, ಸೋತವನ್ನು ಹಿಂಡಿನಿಂದ ತೆಗೆದುಹಾಕುವಷ್ಟು ಕುದುರೆಗಳೂ ಕಟ್ಟುನಿಟ್ಟೂ ಇದ್ದದ್ದರಿಂದ. 1937ರಲ್ಲಿ ಹುಟ್ಟಿದ ವಿಂಪಿಯ ತಂದೆ ಸೊಲಿಸ್ ಓಲ್ಡ್ ಸಾರೆಲ್‌ನ ಮಗ, ತಾಯಿ ಪಾಂಡಾ ಓಲ್ಡ್ ಸಾರೆಲ್‌ನ ಮಗಳು. ಅಮೆರಿಕನ್ ಕ್ವಾರ್ಟರ್ ಹಾರ್ಸ್ ಸಂಘ ಹುಟ್ಟಿದ್ದು 1940ರಲ್ಲಿ, ನಿಮ್ಮ ಮಗಳ ಊರು ಫೋರ್ಟ್ ವರ್ತ್‌ನಲ್ಲೇ. ಮರುವರ್ಷ ಅಲ್ಲಿಯ ಜಾನುವಾರು ಪ್ರದರ್ಶನದಲ್ಲಿ ಗೆದ್ದ ಗಂಡಿಗೆ ನೋಂದಣಿ ಪುಸ್ತಕದ ಮೊದಲ ಸಂಖ್ಯೆ ಅಂತ ಗೊತ್ತುಮಾಡಿದ್ದರು. ಗೆದ್ದದ್ದು ವಿಂಪಿ.

ಓಲ್ಡ್ ಸಾರೆಲ್‌ನ ಅಜ್ಜ ಪೀಟರ್ ಮೆಕ್ಯೂ ಕಥೆ ಕೇಳಿದರೆ ಕಾಗದವನ್ನು ಎಷ್ಟು ನಂಬಬೇಕೆಂದು ತಿಳಿಯುತ್ತದೆ. 1895ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದ ಈ ಕುದುರೆಯನ್ನು ಥರೋಬ್ರೆಡ್ ಎಂಬ ರೇಸಿನ ಜಾತಿಯ ಪಂದ್ಯಗಳಲ್ಲಿ ಓಡಿಸಬೇಕಿತ್ತು. ಹಾಗಾಗಿ ಡ್ಯೂಕ್ ಆಫ್ ದ ಹೈಲ್ಯಾಂಡ್ಸ್ ಎಂಬ ಥರೋಬ್ರೆಡ್ ಇದರ ತಂದೆ ಅಂತ ಬರೆಸಿದರು. ನಿಜವಾದ ತಂದೆ ಡ್ಯಾನ್ ಟಕ್ಕರ್ ಎಂಬ, ಕಡಿಮೆ ದೂರದ ಓಟದ ಕುದುರೆ. ಬಲ್ಲವರೆಲ್ಲ ಅದನ್ನೇ ಹೇಳುತ್ತಾ ಬಂದರು, ಕ್ವಾರ್ಟರ್ ಹಾರ್ಸ್ ಸಂಘದ ದಾಖಲೆ ಒಪ್ಪಿದ್ದೂ ಡ್ಯಾನ್ ಟಕ್ಕರ್‌ನನ್ನೇ. ರಾಂಚ್ ಕುದುರೆಗಳ ವಂಶದಲ್ಲಿ ಈ ಹೆಸರು ಬಾರದ ಮನೆ ಕಡಿಮೆ. ಅಂಥ ಕುದುರೆಯ ಅಪ್ಪನ ಹೆಸರೇ ಒಂದು ಕಾಲಕ್ಕೆ ಸುಳ್ಳಾಗಿತ್ತು.

ತಾಯಂದಿರ ಕಡೆ ಸುಳ್ಳಿಗಿಂತ ಮೌನ ಹೆಚ್ಚು. ಹಳೆಯ ಪಟ್ಟಿಗಳಲ್ಲಿ ಹಿಂದೆ ಹೋದಂತೆ ಹೆಣ್ಣಿನ ಜಾಗದಲ್ಲಿ ಹೆಸರಿರುವುದಿಲ್ಲ. "ವ್ಯಾಗನರ್ ಮೇರ್", "ಬರ್ನೆಟ್ ಮೇರ್" ಅಂತ ರಾಂಚಿನ ಹೆಸರು ಹೇಳಿ ಬಿಟ್ಟಿರುತ್ತಾರೆ. ಎಷ್ಟೋ ಜನ ಅದನ್ನು ನೋಡಿ ಅಲ್ಲಿಗೆ ದಾರಿ ಮುಗಿಯಿತು ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಹೆಣ್ಣು ಒಂದು ರಾಂಚಿನ ಹಿಂಡಿನಲ್ಲಿ ಇದ್ದಳು, ಅವಳ ಮಗಳನ್ನು ಮಾರದೆ ಉಳಿಸಿಕೊಳ್ಳುವಷ್ಟು ಅವರು ಅವಳನ್ನು ಮೆಚ್ಚಿದ್ದರು ಎಂಬ ಮಾಹಿತಿ ಅದರಲ್ಲಿದೆ. ಮೊದಲ ಮಹಾಯುದ್ಧದ ನಂತರ ಅಮೆರಿಕದ ಸೈನ್ಯ ತನಗೆ ಸವಾರಿ ಕುದುರೆ ಬೇಕೆಂದು ಥರೋಬ್ರೆಡ್ ಗಂಡುಗಳನ್ನು ರಾಂಚುಗಳಲ್ಲಿ ಇರಿಸುತ್ತಿತ್ತು. ಹೆಸರಿಲ್ಲದ ಈ ತಾಯಂದಿರ ಹೆಣ್ಣುಮಕ್ಕಳಿಗೆ ಅವುಗಳ ರಕ್ತವೂ ಸೇರಿದೆ. ಎತ್ತರದ, ಉದ್ದ ಕಾಲಿನ ರಾಂಚ್ ಕುದುರೆ ಕಂಡರೆ ಹಿಂದೆ ಎಲ್ಲೋ ಅಂಥ ಒಂದು ಸೈನ್ಯದ ಗಂಡು ಇದ್ದರೂ ಇರಬಹುದು.

ನಿಮ್ಮ ಹಾಳೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: ಈ ಕುದುರೆಯ ತಾಯಿ, ತಾಯಿಯ ತಾಯಿ, ಅವಳ ತಾಯಿ, ಮೂರರ ಎದುರಿಗೂ ಬ್ರೀಡರ್ ಅಂತ ಒಂದೇ ರಾಂಚಿನ ಹೆಸರಿದೆ. ಅದಕ್ಕೆ ಯಾರೂ ಹಳದಿ ಬಳಿದಿಲ್ಲ! ಬ್ರೀಡರ್ ಅಂದರೆ ಗಂಡು ಕುದುರೆಯ ಯಜಮಾನನಲ್ಲ. ಕೂಡಿಸಿದ ಸಮಯದಲ್ಲಿ ಹೆಣ್ಣು ಯಾರ ಬಳಿ ಇತ್ತೋ ಅವರು. ಅಂದಮೇಲೆ ಆ ರಾಂಚು ತಲೆಮಾರಿನ ಮೇಲೆ ತಲೆಮಾರು ಈ ಹೆಣ್ಣುಗಳನ್ನು ಕೈಬಿಡದೆ ಸಾಕಿದೆ. ದುಡಿಯದ ಕುದುರೆಗೆ ಮೇವು ಹಾಕುವಷ್ಟು ಪುರುಸೊತ್ತು ದನ ಸಾಕುವವರಿಗೆ ಇರುವುದಿಲ್ಲ. ಅಪ್ಪಟ ರಾಂಚ್ ತಳಿ ಎಂಬ ಮಾತಿಗೆ ನಿಮ್ಮ ಕೈಯಲ್ಲಿರುವ ಗಟ್ಟಿ ಪುರಾವೆ ಇದೇ.

ಇಲ್ಲೇ ಒಂದು ಪ್ರಶ್ನೆಯೂ ಏಳುತ್ತದೆ. ರಾಂಚುಗಳು ಸಾಮಾನ್ಯವಾಗಿ ಮಾರುವುದು ಬೀಜ ಒಡೆಸಿದ ಗಂಡುಗಳನ್ನು, ಒಳ್ಳೆಯ ಹೆಣ್ಣನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಮೂರು ತಲೆಮಾರು ಬಿಡದವರು ಇವಳನ್ನೇಕೆ ಬಿಟ್ಟರು? ಗರ್ಭ ನಿಲ್ಲಲಿಲ್ಲವೋ, ಕಾಲಿಗೆ ಪೆಟ್ಟಾಯಿತೋ, ದನ ಕಂಡರೆ ಆಸಕ್ತಿಯಿಲ್ಲವೋ, ಅಥವಾ ಅಕ್ಕತಂಗಿಯರು ಸಾಕಷ್ಟು ಇದ್ದರು ಅಂತ ಬಿಟ್ಟರೋ. ಮೊಮ್ಮಗಳ ಸವಾರಿಗೆ ಗರ್ಭದ ಸಮಸ್ಯೆಯಿಂದ ತೊಂದರೆಯಿಲ್ಲ, ಕಾಲಿನ ಸಮಸ್ಯೆಯಿಂದ ಖಂಡಿತ ತೊಂದರೆ. ನಡುವಿನ ವ್ಯಾಪಾರಿಯನ್ನು ಕೇಳಬೇಡಿ. ಅಳಿಯ ನೇರವಾಗಿ ಆ ರಾಂಚಿಗೇ ಫೋನ್ ಮಾಡಲಿ. ತಮ್ಮ ಹೆಣ್ಣು ಕುದುರೆಯ ಬಗ್ಗೆ ಕೇಳಿದರೆ ಅವರು ಖುಷಿಯಿಂದ ಮಾತಾಡುತ್ತಾರೆ. ಇವಳ ತಾಯಿ ಯಾವ ಕೆಲಸ ಮಾಡುತ್ತಿದ್ದಳು, ಇವಳಿಗೆ ಮೊದಲ ಸಲ ತಡಿ ಹಾಕಿದಾಗ ಹೇಗಿದ್ದಳು, ಅಣ್ಣತಮ್ಮಂದಿರು ಈಗ ಯಾರ ಬಳಿ ದುಡಿಯುತ್ತಿದ್ದಾರೆ, ಇಷ್ಟು ಕೇಳಿದರೆ ಸಾಕು. ಮೈಮೇಲೆ ರಾಂಚಿನ ಮುದ್ರೆ ಇದೆಯೇ, ಕಾಗದದಲ್ಲಿ ಬರೆದದ್ದಕ್ಕೆ ಅದು ತಾಳೆಯಾಗುತ್ತದೆಯೇ ಅಂತಲೂ ನೋಡಲಿ.

ಹ್ಯಾಂಕಾಕ್ ವಿಷಯ. ಜೋ ಹ್ಯಾಂಕಾಕ್‌ನ ತಂದೆ ಜಾನ್ ವಿಲ್ಕಿನ್ಸ್, ಅದೇ ಪೀಟರ್ ಮೆಕ್ಯೂನ ಮಗ. ತಾಯಿ ಅರ್ಧ ಪರ್ಶೆರಾನ್, ಅಂದರೆ ಫ್ರಾನ್ಸಿನ ಭಾರ ಎಳೆಯುವ ಜಾತಿ ಬೆರೆತವಳು. ಅವಳಿಗೂ ಹೆಸರಿಲ್ಲ ನೋಡಿ. ದಪ್ಪ ಮೂಳೆ, ದೊಡ್ಡ ಗೊರಸು, ಹಗ್ಗದ ಕೆಲಸಕ್ಕೆ ಎತ್ತಿದ ಕೈ ಅಂತ ಆ ವಂಶವನ್ನು ರಾಂಚಿನವರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ಸ್ವಲ್ಪ ಗಡಸು ಸ್ವಭಾವ, ಚಳಿಯ ಬೆಳಿಗ್ಗೆ ಬೆನ್ನು ಬಿಲ್ಲಾಗಿಸಿ ಎಗರುತ್ತವೆ ಎಂಬ ಮಾತೂ ಅದರ ಜೊತೆಗೇ ಬಂದಿದೆ. ಆದರೆ ನಿಮ್ಮ ಹಾಳೆಯಲ್ಲಿ ಜೋ ಹ್ಯಾಂಕಾಕ್ ಇಲ್ಲ. ಒಂದು ಮುತ್ತಜ್ಜಿಯ ಹೆಸರಿನಲ್ಲಿ ಹ್ಯಾಂಕಾಕ್ ಎಂಬ ಪದ ಇದೆ, ಅಷ್ಟೇ. ಹೆಸರಿಡುವುದು ಸಾಕಿದವರ ಇಷ್ಟ, ಅದು ಸಾಕ್ಷಿಯಾಗದು. ಆ ಮುತ್ತಜ್ಜಿಯ ಉದ್ದನೆಯ ವಂಶಪಟ್ಟಿಯನ್ನು ಕ್ವಾರ್ಟರ್ ಹಾರ್ಸ್ ಸಂಘದ ಕಚೇರಿಯಿಂದ ದುಡ್ಡು ಕೊಟ್ಟು ತರಿಸಬಹುದು. ತರಿಸಿ ನೋಡುವವರೆಗೆ ಹ್ಯಾಂಕಾಕ್ ಲೆಕ್ಕಕ್ಕೆ ಬೆಲೆ ಏರಿಸಲು ಒಪ್ಪಬೇಡಿ.

ವೈದ್ಯನಾಗಿ ಇನ್ನೊಂದು ಮಾತು, ಇದು ಉಳಿದ ಎಲ್ಲಕ್ಕಿಂತ ಮುಖ್ಯ. ಹೆಸರಾಂತ ವಂಶದ ಜೊತೆ ರೋಗವೂ ಬರುತ್ತದೆ. ಪೋಕೊ ಬ್ಯೂನೊ ಸಾಲಿನಲ್ಲಿ ಹರ್ಡಾ ಎಂಬ ಚರ್ಮದ ಕಾಯಿಲೆ ಗುರುತಿಸಿದ್ದಾರೆ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಕಾಣಿಸುತ್ತದೆ. ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ, ತಡಿ ಹಾಕಲು ಶುರು ಮಾಡಿದಾಗ, ಬೆನ್ನಿನ ಚರ್ಮ ಸಡಿಲವಾಗಿ ಕಿತ್ತು ಬರುತ್ತದೆ. ಹನ್ನೊಂದು ವರ್ಷದ, ತಡಿ ಹೊತ್ತು ದುಡಿದ ಕುದುರೆಗೆ ಆ ಭಯವಿಲ್ಲ, ಮುಂದೆ ಮರಿ ಹಾಕಿಸುವ ಆಸೆಯಿದ್ದರೆ ಮಾತ್ರ ಅದು ದೋಷ ಹೊತ್ತಿದೆಯೇ ಅಂತ ತಿಳಿಯಬೇಕು. 1969ರಲ್ಲಿ ಹುಟ್ಟಿದ ಇಂಪ್ರೆಸಿವ್ ಎಂಬ ಪ್ರದರ್ಶನದ ಕುದುರೆಯಿಂದ ಹರಡಿದ ಸ್ನಾಯುರೋಗ ಬೇರೆ ಇದೆ, ಅದಕ್ಕೆ ಒಂದು ಕಡೆಯಿಂದ ಬಂದರೂ ಸಾಕು. ನಿಮ್ಮ ಹಾಳೆಯಲ್ಲಿ ಅವನಿಲ್ಲ. ನಾನು ಒತ್ತಾಯ ಮಾಡುವುದು ಪಿಎಸ್‌ಎಸ್‌ಎಂ ಎಂಬ ಇನ್ನೊಂದು ಸ್ನಾಯುರೋಗದ ಪರೀಕ್ಷೆಗೆ. ಈ ದೋಷವಿದ್ದ ಕುದುರೆ ಸ್ವಲ್ಪ ಹೊತ್ತು ಓಡಿದ ಮೇಲೆ ಬೆವರಿಳಿದು, ತೊಡೆಯ ಸ್ನಾಯು ಕಲ್ಲಾಗಿ, ಒಂದು ಹೆಜ್ಜೆಯೂ ಮುಂದಿಡದೆ ನಿಂತುಬಿಡುತ್ತದೆ. ಸೋಮಾರಿ ಅಂತ ಹೊಡೆಯುವವರೂ ಇದ್ದಾರೆ, ಪಾಪ. ಹಿಟ್ಟಿನ ಅಂಶ ಕಡಿಮೆಯಿರುವ ಮೇವು, ದಿನವೂ ತಪ್ಪದ ನಡಿಗೆ ಕೊಟ್ಟರೆ ಎಷ್ಟೋ ಕುದುರೆಗಳು ಚೆನ್ನಾಗಿ ಬಾಳುತ್ತವೆ. ಆದರೆ ಮಗುವಿಗೆ ಕೊಡಿಸುವ ಮೊದಲು ಗೊತ್ತಿರಬೇಕು.

ರಾಂಚಿನವರ ಮಾತು ಸರಿ ಕಂಡು, ಕಾಲು ಮತ್ತು ರಕ್ತದ ವರದಿ ಚೆನ್ನಾಗಿದ್ದರೆ ಧೈರ್ಯವಾಗಿ ಕೊಳ್ಳಲಿ. ನನ್ನ ಮೊಮ್ಮಗಳಾಗಿದ್ದರೆ ನಾನೂ ಇದೇ ಕುದುರೆಯನ್ನು ಕೊಡಿಸುತ್ತಿದ್ದೆ.

ಪ್ರಶ್ನೆ: ಹೆಸರಘಟ್ಟ ರಸ್ತೆಯ ಸವಾರಿ ಶಾಲೆಯಲ್ಲಿ ನನ್ನ ಮಗ ಕಲಿಯುವ ಕುದುರೆ ರೇಸಿನಿಂದ ಬಂದದ್ದು. ಕುಣಿಗಲ್ ಫಾರಂನಲ್ಲಿ ಹುಟ್ಟಿದ್ದು ಅಂತ ಸೈಸ್ (ಕುದುರೆ ನೋಡಿಕೊಳ್ಳುವವನು) ಹೇಳುತ್ತಾನೆ. ಕಂಡುಹಿಡಿಯಲು ಸಾಧ್ಯವೇ ಸಾರ್?
ಆರ್. ಕೆ., ದಾಸರಹಳ್ಳಿ

ಉತ್ತರ: ಖಂಡಿತ ಸಾಧ್ಯ. ಟೆಕ್ಸಾಸ್ ಕುದುರೆಗಿಂತ ಇದು ಸುಲಭ, ಯಾಕೆಂದರೆ ಥರೋಬ್ರೆಡ್‌ನಲ್ಲಿ ಹೆಸರಿಲ್ಲದ ತಾಯಿಗೆ ಜಾಗವೇ ಇಲ್ಲ. ನಮ್ಮ ದೇಶದ ಥರೋಬ್ರೆಡ್‌ಗಳ ದಾಖಲೆ ಪುಣೆಯಲ್ಲಿರುವ ಇಂಡಿಯನ್ ಸ್ಟಡ್ ಬುಕ್‌ನಲ್ಲಿದೆ. ಶಾಲೆಯವರ ಬಳಿ ಕುದುರೆಯ ಪಾಸ್‌ಪೋರ್ಟ್ ಪುಸ್ತಕ ಇದೆಯೇ ಕೇಳಿ. ಅದರಲ್ಲಿ ತಂದೆ, ತಾಯಿ, ಹುಟ್ಟಿದ ವರ್ಷ, ಹುಟ್ಟಿಸಿದವರ ಹೆಸರು ಎಲ್ಲ ಇರುತ್ತದೆ. ಪುಸ್ತಕ ಕಳೆದಿದ್ದರೆ ಕತ್ತಿನ ಎಡಭಾಗದಲ್ಲಿ ಜೂಲಿನ ಕೆಳಗೆ ಚಿಪ್ ಇರುತ್ತದೆ, ಪಶುವೈದ್ಯರ ಹತ್ತಿರ ಓದುವ ಯಂತ್ರ ಇದ್ದರೆ ಹದಿನೈದು ಅಂಕಿಯ ಸಂಖ್ಯೆ ಸಿಗುತ್ತದೆ.

ಪುಸ್ತಕ ಸಿಕ್ಕರೆ ಕುದುರೆಯ ರೇಖಾಚಿತ್ರ ಇರುವ ಪುಟ ತೆಗೆದು ಮಗನಿಗೆ ತೋರಿಸಿ. ಬಿಳಿ ಮಚ್ಚೆಗಳ ಜೊತೆಗೆ ಸುಳಿಗಳನ್ನೂ ಗುರುತು ಹಾಕಿರುತ್ತಾರೆ. ಹಣೆಯ ಸುಳಿ ಕಣ್ಣಿನ ಮಟ್ಟದಲ್ಲಿದೆಯೋ ಮೇಲಿದೆಯೋ, ಕತ್ತಿನ ಎರಡೂ ಬದಿ ಎಲ್ಲೆಲ್ಲಿವೆ, ಎಲ್ಲ. ನಮ್ಮ ಜಾತ್ರೆಗಳಲ್ಲಿ ಎತ್ತಿನ ಸುಳಿ ನೋಡಿ ಭಾಗ್ಯ ಹೇಳುತ್ತಾರಲ್ಲ, ಇಲ್ಲಿ ಸುಳಿ ಇರುವುದು ಗುರುತಿಗೆ. ಬಣ್ಣ ವಯಸ್ಸಿನ ಜೊತೆ ಬದಲಾಗಬಹುದು, ಸುಳಿ ಬದಲಾಗುವುದಿಲ್ಲ. ಮಗನೇ ಕುದುರೆಯ ಪಕ್ಕ ನಿಂತು ಒಂದೊಂದನ್ನೂ ಮುಟ್ಟಿ ಹೋಲಿಸಲಿ.

ಕುಣಿಗಲ್ ಅಂತ ಸೈಸ್ ಹೇಳಿದ್ದು ನಿಜವಾಗಿದ್ದರೆ ಸಂತೋಷಪಡಿ. ಟಿಪ್ಪು ತನ್ನ ಅಶ್ವದಳಕ್ಕೆಂದು ಕುದುರೆ ಬೆಳೆಸಿದ ಜಾಗ ಅದು, ದೇಶದ ಅತಿ ಹಳೆಯ ಕುದುರೆ ಫಾರಂಗಳಲ್ಲಿ ಒಂದು. ದಂಡಿನ ಕುದುರೆಯ ಕಾಲ ಮುಗಿದ ಮೇಲೆ ಅದೇ ಹುಲ್ಲಿನಲ್ಲಿ ರೇಸಿನ ಕುದುರೆ ಬೆಳೆದವು.

ಪ್ರಶ್ನೆ: ಯಲಹಂಕದ ಹತ್ತಿರ ನಮ್ಮ ತೋಟದಲ್ಲಿ ಒಂದು ಕುದುರೆ ಸಾಕಿದ್ದೇವೆ. ಕಿವಿ ಒಳಕ್ಕೆ ಬಾಗಿ ತುದಿ ಕೂಡುತ್ತವೆ, ಹಾಗಾಗಿ ಮಾರ್ವಾಡಿ ಅಂತ ಹೇಳಿ ಮಾರಿದರು. ಕಾಗದ ಇಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ?
ಎಂ. ವಿ., ಯಲಹಂಕ

ಉತ್ತರ: ಕಿವಿ ಒಂದನ್ನೇ ನೋಡಿ ಹೇಳಲಾಗದು. ಗುಜರಾತಿನ ಕಾಠಿಯಾವಾಡಿ ಕುದುರೆಗೂ ಅಂಥದೇ ಕಿವಿ, ಎರಡರ ಬೆರಕೆಗೂ ಅದೇ. ಡಿಎನ್‌ಎಯಲ್ಲಿ ಎರಡು ಬಗೆ. ಇಂಥದ್ದು ಇದರ ತಂದೆ, ಇಂಥದ್ದು ತಾಯಿ ಎಂಬುದನ್ನು ಹೌದು ಅಲ್ಲ ಅಂತ ಖಚಿತವಾಗಿ ಹೇಳಬಹುದು, ಆದರೆ ಅದಕ್ಕೆ ಆ ತಂದೆ ತಾಯಿಯ ಮಾದರಿಯೂ ಬೇಕು. ಯಾವ ಜಾತಿಗೆ ಹತ್ತಿರ ಎಂದು ಹೇಳುವ ಪರೀಕ್ಷೆ ಅಂದಾಜಿನದು. ಹೋಲಿಸಲು ಪ್ರಯೋಗಾಲಯದಲ್ಲಿ ಯಾವ ಯಾವ ಜಾತಿಯ ಮಾದರಿಗಳಿವೆಯೋ ಅವುಗಳ ಪೈಕಿ ಹತ್ತಿರದ್ದನ್ನು ಅದು ತೋರಿಸುತ್ತದೆ. ವಿದೇಶಕ್ಕೆ ಕಳಿಸುವ ಮುನ್ನ ಅವರ ಪಟ್ಟಿಯಲ್ಲಿ ಮಾರ್ವಾಡಿ ಇದೆಯೇ ಕೇಳಿ, ಇಲ್ಲದಿದ್ದರೆ ಅರಬ್ಬಿಯೋ ಇನ್ನೊಂದೋ ಅಂತ ಉತ್ತರ ಬರುತ್ತದೆ. ದೇಶೀ ಕುದುರೆಗಳ ಮೇಲೆ ಕೆಲಸ ಮಾಡುವವರು ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರು, ಬಿಕಾನೇರ್‌ನಲ್ಲೂ ಅವರ ಶಾಖೆಯಿದೆ. ಮೊದಲು ಅವರಿಗೆ ಬರೆಯಿರಿ. ನಿಮಗೆ ಮಾರಿದವನು ಯಾರಿಂದ ಕೊಂಡ ಅಂತಲೂ ವಿಚಾರಿಸಿ. ಅವನಿಗೆ ತಾಯಿ ಕುದುರೆ ಇರುವ ಊರು ಗೊತ್ತಿದ್ದರೆ ಪರೀಕ್ಷೆಗಿಂತ ಬೇಗ ಕೆಲಸವಾಗುತ್ತದೆ.

ಮಾದರಿ ಕೇಳಿದರೆ ಜೂಲಿನ ಕೂದಲನ್ನು ಕತ್ತರಿಯಲ್ಲಿ ಕತ್ತರಿಸಬೇಡಿ, ಬೇಕಾದ ಅಂಶ ಇರುವುದು ಬುಡದಲ್ಲಿ. ಒಂದಿಷ್ಟು ಎಳೆಗಳನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಚುರುಕಾಗಿ ಒಮ್ಮೆ ಎಳೆಯಿರಿ. ತುದಿಯಲ್ಲಿ ಸಣ್ಣ ಬಿಳಿ ಗಂಟು ಕಾಣಬೇಕು. ಅಂಥ ಇಪ್ಪತ್ತು ಮೂವತ್ತು ಎಳೆ ಸಾಕು. ಬೆವರು, ನೀರು ತಾಗದಂತೆ ಒಣಗಿದ ಕಾಗದದ ಲಕೋಟೆಯಲ್ಲಿ ಹಾಕಿ, ಹೊರಗೆ ಕುದುರೆಯ ಹೆಸರು ಬರೆದು ಅಂಟಿಸಿ.